"ಇದನ್ನು ಕೊಂಡರೆ ದೇಣಿಗೆ ಹೋಗುತ್ತದೆ" ಅಂತ ಬರೆದಿರುತ್ತಾರಲ್ಲ, ನಿಜವಾಗಿ ಎಷ್ಟು ಹೋಗುತ್ತದೆ?

ಮಳೆಹನಿ
ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದು ವಿಷಯ ತಲೆ ತಿನ್ನುತ್ತಿದೆ. ತಿಳಿದವರು ದಯವಿಟ್ಟು ಹೇಳಿ.

ಆಫೀಸಿನಲ್ಲಿ ಹನ್ನೆರಡು ಜನರಿಗೆ ಉಡುಗೊರೆ ಕೊಡಬೇಕಿತ್ತು. ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಆನ್‌ಲೈನಿನಲ್ಲಿ ಒಂದು ಡೈರಿ ಸಿಕ್ಕಿತು. ಮುಖಪುಟದಲ್ಲಿ ಮಗುವಿನ ಚಿತ್ರ. ಕೆಳಗೆ "ನಿಮ್ಮ ಖರೀದಿಯ ಒಂದು ಪಾಲು ಮಕ್ಕಳ ಕ್ಯಾನ್ಸರ್ ಚಿಕಿತ್ಸೆಗೆ" ಎಂಬ ಸಾಲು. ಅಂಥದೇ ಬೇರೆ ಡೈರಿಗಿಂತ ಬೆಲೆ ಹೆಚ್ಚೂಕಡಿಮೆ ಒಂದೂವರೆ ಪಟ್ಟು. ಆ ಹೆಚ್ಚಿನ ದುಡ್ಡು ಮಕ್ಕಳಿಗೇ ಹೋಗುತ್ತದೆ ಅಲ್ವಾ ಅಂದುಕೊಂಡು ಹಿಂದೆ ಮುಂದೆ ನೋಡದೆ ತರಿಸಿದೆ.

ಹಂಚುವಾಗ ಒಬ್ಬರು ಕೇಳಿದರು: "ಇದರಲ್ಲಿ ಎಷ್ಟು ಹೋಗುತ್ತದೆ?" ನನಗೆ ಗೊತ್ತಿರಲಿಲ್ಲ. ಡೈರಿಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದೆ. ಯಾವ ಸಂಸ್ಥೆಗೆ ಅಂತಲೂ ಇಲ್ಲ. ಕಂಪನಿಗೆ ಮೇಲ್ ಹಾಕಿದೆ. ಹನ್ನೊಂದು ದಿನ ಆದ ಮೇಲೆ ಉತ್ತರ ಬಂತು. "ನಮ್ಮ ಲಾಭದ ಒಂದು ಭಾಗವನ್ನು ಸಾಮಾಜಿಕ ಕೆಲಸಗಳಿಗೆ ಬಳಸುತ್ತೇವೆ. ನಿಮ್ಮ ಕಾಳಜಿಗೆ ಧನ್ಯವಾದ." ಅಷ್ಟೇ. ಮಕ್ಕಳ ಚಿಕಿತ್ಸೆಯ ಮಾತೇ ಅದರಲ್ಲಿ ಇರಲಿಲ್ಲ.

ಮೋಸ ಆಯಿತು ಅಂತ ಹೇಳುವಷ್ಟು ಪುರಾವೆ ನನ್ನ ಬಳಿ ಇಲ್ಲ. ಆದರೆ ನಾನು ಹನ್ನೆರಡು ಜನರ ಕೈಗೆ ಕೊಟ್ಟ ಮಾತು ಅದು. ಇಂಥದ್ದನ್ನು ಕೊಳ್ಳುವ ಮೊದಲು ನೀವೆಲ್ಲ ಏನು ನೋಡುತ್ತೀರಿ?

ಲೆಕ್ಕದಪುಸ್ತಕ
ಮಳೆಹನಿ ಅವರೇ, ಆ ಉತ್ತರದಲ್ಲೇ ಒಂದು ಸುಳಿವು ಇದೆ. ಡೈರಿಯ ಮೇಲೆ "ಖರೀದಿಯ ಪಾಲು" ಅಂತ ಇತ್ತು. ಮೇಲ್‌ನಲ್ಲಿ ಅದು "ಲಾಭದ ಭಾಗ" ಆಯಿತು. ಇವೆರಡೂ ಒಂದೇ ಅಲ್ಲ. ನಾನು ಲೆಕ್ಕಪತ್ರದ ಕೆಲಸದವನು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದು ವಸ್ತು ನೂರಕ್ಕೆ ಮಾರಾಟ ಆಯಿತು ಅಂತ ಇಟ್ಟುಕೊಳ್ಳಿ. ಬೆಲೆಯ ಶೇ. 10 ಅಂದರೆ ಹತ್ತು. ಇದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಲಾಭದ ಶೇ. 10 ಅಂದರೆ ಬೇರೆಯೇ ಕಥೆ. ಕಚ್ಚಾ ಮಾಲು, ಕೂಲಿ, ಸಾಗಣೆ, ಬಾಡಿಗೆ, ತೆರಿಗೆ, ಜಾಹೀರಾತು ಎಲ್ಲ ಕಳೆದ ಮೇಲೆ ಎಂಟು ಉಳಿಯಿತು ಅನ್ನಿ. ಅದರ ಶೇ. 10 ಅಂದರೆ ಒಂದು ಕೂಡ ಆಗುವುದಿಲ್ಲ. ಆ ಮಗುವಿನ ಚಿತ್ರ ಹಾಕಿ ಮಾಡಿದ ಜಾಹೀರಾತಿನ ಖರ್ಚೂ ಮೊದಲೇ ಕಳೆದುಹೋಗಿರುತ್ತದೆ. ಕಂಪನಿಗೆ ಆ ವರ್ಷ ನಷ್ಟ ಆದರೆ ಸೊನ್ನೆ. ಅದರಲ್ಲಿ ಕಾನೂನು ಮೀರಿದ್ದು ಏನೂ ಇರುವುದಿಲ್ಲ.

"ಒಂದು ಪಾಲು" ಅನ್ನುವುದು ಇನ್ನೂ ಕಷ್ಟ. ಸಾವಿರದಲ್ಲಿ ಒಂದೂ ಪಾಲೇ. 2003ರಲ್ಲಿ ಜಾಹೀರಾತು ಕುರಿತ ಒಂದು ಸಂಶೋಧನಾ ಪತ್ರಿಕೆಯಲ್ಲಿ ಇಂಥ ಕೊಡುಗೆಗಳ ಅಧ್ಯಯನ ಬಂತು. ಅಂತರ್ಜಾಲದಲ್ಲಿ ಕಂಡ ಕೊಡುಗೆಗಳಲ್ಲಿ ಹೆಚ್ಚುಕಡಿಮೆ ಶೇ. 70ರಷ್ಟು "ಒಂದು ಪಾಲು" ಥರದ ಮಸುಕು ಮಾತಿನವು. ಕೊಳ್ಳುವವನು ತಾನೇ ಲೆಕ್ಕ ಹಾಕಲು ಆಗುವಂಥವು ಶೇ. 5ಕ್ಕೂ ಕಡಿಮೆ. ಅದೇ ಸಂಶೋಧಕರು ಇನ್ನೊಂದನ್ನೂ ಕಂಡುಕೊಂಡರು. ಬಹಳ ಜನ "ಲಾಭದ ಇಷ್ಟು" ಅನ್ನುವುದನ್ನು "ಬೆಲೆಯ ಇಷ್ಟು" ಅಂತಲೇ ಓದಿಕೊಳ್ಳುತ್ತಾರೆ. ನಿಮಗೆ ಆದದ್ದು ನಿಮ್ಮೊಬ್ಬರ ತಪ್ಪಲ್ಲ.

ಕಡಲಹಕ್ಕಿ
ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಹೇಗೂ ಡೈರಿ ಬೇಕಿತ್ತು. ಸ್ವಲ್ಪ ಹೋದರೂ ಒಳ್ಳೆಯದೇ ಅಲ್ವಾ? ಎಲ್ಲದರಲ್ಲೂ ಅನುಮಾನ ಪಡುತ್ತಾ ಹೋದರೆ ಕಂಪನಿಗಳು ಇದ್ದದ್ದನ್ನೂ ನಿಲ್ಲಿಸಿಬಿಡುತ್ತವೆ.

ನಿಜವಾಗಿ ಕೊಟ್ಟವರೂ ಇದ್ದಾರೆ. ಅಮೆರಿಕದ ನಟ ಪಾಲ್ ನ್ಯೂಮನ್ 1982ರಲ್ಲಿ ನ್ಯೂಮನ್ಸ್ ಓನ್ ಶುರು ಮಾಡಿದರು. ಲಾಭ ಪೂರ್ತಿ ದಾನಕ್ಕೆ ಅಂದರು. ಅವರು ತೀರಿಕೊಂಡ ಮೇಲೂ ಅದು ಹಾಗೇ ನಡೆದಿದೆ. ಈವರೆಗೆ ಹೋದದ್ದು 50 ಕೋಟಿ ಡಾಲರ್‌ಗೂ ಜಾಸ್ತಿ. ಅಲ್ಲೂ "ಲಾಭ" ಅಂತಲೇ ಇದೆ ನೋಡಿ.

ಲೆಕ್ಕದಪುಸ್ತಕ
ಕಡಲಹಕ್ಕಿ, ಒಳ್ಳೆಯ ಉದಾಹರಣೆ ಕೊಟ್ಟಿರಿ. ಅಲ್ಲಿ ಲಾಭದ ಶೇ. 100. ಕಂಪನಿಯ ಒಡೆತನವೂ ದತ್ತಿ ಸಂಸ್ಥೆಯದ್ದೇ. ಹಾಗಾಗಿ ಲಾಭ ಬೇರೆ ಕಡೆ ಹೋಗಲು ದಾರಿ ಇಲ್ಲ. "ಲಾಭ" ಅನ್ನುವ ಪದವೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅಂಕಿ ಇಲ್ಲದ "ಲಾಭದ ಭಾಗ" ಬಗ್ಗೆ ಹೇಳುತ್ತಿದ್ದೇನೆ.

ಹಳೆಚಾಳೀಸು
"ಸ್ವಲ್ಪ ಹೋದರೂ ಒಳ್ಳೆಯದು" ಅನ್ನುವುದನ್ನು ನಾನೂ ತುಂಬಾ ದಿನ ನಂಬಿದ್ದೆ. ಇಟಲಿಯ ಒಂದು ಪ್ರಕರಣ ಓದಿದ ಮೇಲೆ ಬೇರೆ ಥರ ಯೋಚಿಸಲು ಶುರು ಮಾಡಿದೆ.

2022ರ ಕ್ರಿಸ್ಮಸ್ ಸಮಯ. ಬಲೊಕ್ಕೊ ಎಂಬ ಕಂಪನಿ ಹಬ್ಬದ ಕೇಕನ್ನು ಕಿಯಾರಾ ಫೆರಾನ್ಯಿ ಹೆಸರಿನಲ್ಲಿ ಮಾರಿತು. ಆಕೆ ಜಾಲತಾಣಗಳಲ್ಲಿ ಕೋಟಿಗಟ್ಟಲೆ ಜನ ಹಿಂಬಾಲಿಸುವ ಪ್ರಭಾವಿ. ಟುರಿನ್‌ನ ರೆಜಿನಾ ಮಾರ್ಗರಿತಾ ಮಕ್ಕಳ ಆಸ್ಪತ್ರೆಗೆ ಯಂತ್ರ ಕೊಡಿಸಲು ನೆರವು ಅಂತ ಪ್ರಚಾರ ಆಯಿತು. ಮಾಮೂಲಿ ಕೇಕಿಗೆ 4 ಯೂರೋ ಒಳಗೇ ಇದ್ದ ಬೆಲೆ, ಇದಕ್ಕೆ 9 ಯೂರೋ ದಾಟಿತ್ತು. ಜನ ನಿಮ್ಮ ಹಾಗೆಯೇ ಯೋಚಿಸಿದರು ಮಳೆಹನಿ. ಹೆಚ್ಚಿನದು ಆಸ್ಪತ್ರೆಗೆ ಅಂದುಕೊಂಡರು.

ನಿಜ ಏನಿತ್ತು? ಬಲೊಕ್ಕೊ ಆಸ್ಪತ್ರೆಗೆ 50,000 ಯೂರೋ ಕೊಟ್ಟಿತ್ತು. ಆದರೆ ಅದನ್ನು ಮಾರಾಟ ಶುರುವಾಗುವ ಎಷ್ಟೋ ತಿಂಗಳ ಮೊದಲೇ, ಮೇ ತಿಂಗಳಲ್ಲೇ ಕೊಟ್ಟಾಗಿತ್ತು. ಆಮೇಲೆ ಒಂದು ಕೇಕ್ ಮಾರಿದರೂ ಅಷ್ಟೇ, ಲಕ್ಷ ಮಾರಿದರೂ ಅಷ್ಟೇ. ಫೆರಾನ್ಯಿಯ ಕಂಪನಿಗಳಿಗೆ ಈ ಒಪ್ಪಂದದಿಂದ ಬಂದದ್ದು 10 ಲಕ್ಷ ಯೂರೋಗೂ ಜಾಸ್ತಿ. 2023ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಯ ಮೇಲೆ ಕಣ್ಣಿಡುವ ಇಟಲಿಯ ಸ್ಪರ್ಧಾ ಪ್ರಾಧಿಕಾರ ಆಕೆಯ ಕಂಪನಿಗಳಿಗೆ 10.75 ಲಕ್ಷ ಯೂರೋ, ಬಲೊಕ್ಕೊಗೆ 4.2 ಲಕ್ಷ ಯೂರೋ ದಂಡ ಹಾಕಿತು. ಆಕೆ ವಿಡಿಯೋದಲ್ಲಿ ಕ್ಷಮೆ ಕೇಳಿದರು. ಆಸ್ಪತ್ರೆಗೆ 10 ಲಕ್ಷ ಯೂರೋ ಕೊಡುವುದಾಗಿ ಹೇಳಿದರು.

ಅಂದಿನಿಂದ ನಾನು ಎಷ್ಟು ಹೋಗುತ್ತದೆ ಅಂತ ಕೇಳುವ ಮೊದಲು ಇನ್ನೊಂದು ಕೇಳುತ್ತೇನೆ. ನಾನು ಇದನ್ನು ಕೊಂಡರೆ, ಕೊಳ್ಳದೆ ಇದ್ದರೆ, ಹೋಗುವ ಮೊತ್ತದಲ್ಲಿ ಏನಾದರೂ ವ್ಯತ್ಯಾಸ ಆಗುತ್ತದೆಯೇ? ಅಮೆರಿಕದಲ್ಲಿ 2010ರಲ್ಲಿ ಕೆಎಫ್‌ಸಿ ಸ್ತನ ಕ್ಯಾನ್ಸರ್ ಹೆಸರಿನಲ್ಲಿ ಕರಿದ ಕೋಳಿಯನ್ನು ಗುಲಾಬಿ ಬಕೆಟ್ಟಿನಲ್ಲಿ ಮಾರಿತು. ಬಕೆಟ್ಟಿಗೆ 50 ಸೆಂಟ್. ಒಟ್ಟು 42 ಲಕ್ಷ ಡಾಲರ್ ಹೋಯಿತು, ಅದು ದೊಡ್ಡ ಮೊತ್ತವೇ. ಆದರೆ ಆ 50 ಸೆಂಟ್ ಕೊಟ್ಟದ್ದು ಬಕೆಟ್ ತರಿಸಿಕೊಂಡ ಅಂಗಡಿಯವರು. ಗಿರಾಕಿ ಕೊಂಡರೆ ದೇಣಿಗೆ ನೇರವಾಗಿ ಹೆಚ್ಚುವುದಿಲ್ಲ ಅಂತ ಸಣ್ಣ ಅಕ್ಷರದಲ್ಲಿ ಬರೆದೇ ಇತ್ತು. ಸಾಲಿನಲ್ಲಿ ನಿಂತು ಕೊಂಡವರಲ್ಲಿ ಅದನ್ನು ಓದಿದವರು ಎಷ್ಟು ಜನ ಇದ್ದಾರು?

ಕಡಲಹಕ್ಕಿ
ಇಟಲಿಯ ವಿಷಯ ನನಗೆ ತಿಳಿದಿರಲಿಲ್ಲ. ಮೊದಲೇ ಕೊಟ್ಟಾಗಿದೆ ಅನ್ನುವುದು ನಿಜಕ್ಕೂ ಬೇಸರದ ಸಂಗತಿ. ಒಪ್ಪುತ್ತೇನೆ.

ಹಣತೆ
ನಾನು ಒಂದು ಸಣ್ಣ ಸಂಸ್ಥೆಯಲ್ಲಿ ಒಂಬತ್ತು ವರ್ಷದಿಂದ ರಸೀದಿ, ಲೆಕ್ಕ ನೋಡಿಕೊಳ್ಳುತ್ತಿದ್ದೇನೆ. ದುಡ್ಡು ಬಂದು ಸೇರುವ ಕಡೆಯಿಂದ ಇದು ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ಒಂದು ಸಲ ಯಾರೋ ಫೋನ್ ಮಾಡಿ, "ನಿಮ್ಮ ಹೆಸರಿರುವ ಪೆನ್ನು ಕೊಂಡೆ, ದುಡ್ಡು ನಿಮಗೆ ಬಂತಾ?" ಅಂತ ಕೇಳಿದರು. ನಮಗೆ ಆ ಪೆನ್ನಿನ ವಿಷಯವೇ ಗೊತ್ತಿರಲಿಲ್ಲ. ನಮ್ಮ ಹೆಸರು, ನಮ್ಮ ಗುರುತು, ನಮ್ಮ ಒಬ್ಬ ಹುಡುಗನ ಫೋಟೋ, ಎಲ್ಲ ಹಾಕಿಕೊಂಡಿದ್ದರು. ಕೇಳಿರಲೇ ಇಲ್ಲ. ಆ ಹುಡುಗನ ತಾಯಿಗೆ ನಾನು ಏನು ಹೇಳಲಿ? ಇವತ್ತಿಗೂ ನೆನೆದರೆ ಸಂಕಟ ಆಗುತ್ತದೆ.

ಇನ್ನೊಂದು ಕಂಪನಿ ಸರಿಯಾಗಿ ಒಪ್ಪಂದ ಮಾಡಿಕೊಂಡಿತು. ಕಾರ್ಯಕ್ರಮದಲ್ಲಿ ಬಾಗಿಲಿನಷ್ಟು ದೊಡ್ಡ ಚೆಕ್ ಹಿಡಿದು ಫೋಟೋ ತೆಗೆಸಿಕೊಂಡರು. ಬ್ಯಾಂಕಿಗೆ ದುಡ್ಡು ಬಂದದ್ದು ಹದಿನಾಲ್ಕು ತಿಂಗಳ ನಂತರ. ಅದೂ ಎಷ್ಟೋ ಸಲ ನೆನಪಿಸಿದ ಮೇಲೆ. ಅದನ್ನು ನಂಬಿ ನಾವು ಗಾಲಿಕುರ್ಚಿ ರಿಪೇರಿಗೆ ಒಬ್ಬರನ್ನು ಕೆಲಸಕ್ಕೆ ತೆಗೆದುಕೊಂಡಿದ್ದೆವು. ಅವರಿಗೆ ಸಂಬಳ ಕೊಡಲು ಬೇರೆ ಕೆಲಸ ನಿಲ್ಲಿಸಬೇಕಾಯಿತು.

ಚೆನ್ನಾಗಿ ನಡೆದುಕೊಂಡವರ ಬಗ್ಗೆಯೂ ಹೇಳಲೇಬೇಕು. ಒಂದು ಪುಟ್ಟ ಉದ್ಯಮ ಇದೆ, ಇಬ್ಬರೇ ನಡೆಸುತ್ತಾರೆ. ಮೂರು ತಿಂಗಳಿಗೊಮ್ಮೆ ತಪ್ಪದೆ ಮೇಲ್ ಬರುತ್ತದೆ. ಎಷ್ಟು ಮಾರಾಟ ಆಯಿತು, ಒಂದಕ್ಕೆ ಎಷ್ಟು, ಒಟ್ಟು ಎಷ್ಟು, ಯಾವ ದಿನ ಕಳಿಸಿದೆವು, ಎಲ್ಲ ಇರುತ್ತದೆ. ಒಂದು ಸಲ "ಈ ಬಾರಿ ನಲವತ್ತೊಂದು ಮಾತ್ರ ಮಾರಾಟ ಆಯಿತು, ಬೇಜಾರಾಗಬೇಡಿ" ಅಂತ ಬರೆದಿದ್ದರು. ಅವರ ಲೆಕ್ಕದ ಹಾಳೆ ಅಂದರೆ ನನಗೆ ತುಂಬಾ ಗೌರವ.

ಹಾಗಾಗಿ ನನ್ನ ಸಲಹೆ ಇದು. ಮಾರುವವರನ್ನು ಕೇಳಿದರೆ ಸಾಲದು, ಸಂಸ್ಥೆಯನ್ನೇ ಕೇಳಿ. ಈ ವಸ್ತುವಿಗೆ ನಿಮ್ಮ ಒಪ್ಪಿಗೆ ಇದೆಯೇ, ಈ ಹಿಂದೆ ದುಡ್ಡು ಬಂದಿದೆಯೇ ಅಂತ. ನಮಗೆ ಅಂಥ ಫೋನ್ ಬಂದರೆ ಬೇಜಾರಿಲ್ಲ, ಸಂತೋಷವೇ. ಆ ಪೆನ್ನಿನ ವಿಷಯ ಗೊತ್ತಾದದ್ದೂ ಹಾಗೆಯೇ.

ಸಂಜೆಗಾಳಿ
ಹಣತೆ ಅಕ್ಕ, ಓದಿ ಮನಸ್ಸು ಭಾರ ಆಯಿತು.

ನನ್ನದೂ ಒಂದು ಪ್ರಶ್ನೆ. ಅಂಗಡಿಯ ಕೌಂಟರಿನಲ್ಲಿ "ಬಿಲ್ಲಿನ ಚಿಲ್ಲರೆಯನ್ನು ದೇಣಿಗೆಗೆ ಬಿಡುತ್ತೀರಾ?" ಅಂತ ಕೇಳುತ್ತಾರಲ್ಲ, ಅದೂ ಹೀಗೇನಾ? ಆ ದುಡ್ಡಿಗೆ ಅಂಗಡಿಯವರೇ ತೆರಿಗೆ ವಿನಾಯಿತಿ ತೆಗೆದುಕೊಳ್ಳುತ್ತಾರೆ ಅಂತ ಒಂದು ಮೆಸೇಜ್ ಓಡಾಡುತ್ತಿದೆ.

ಲೆಕ್ಕದಪುಸ್ತಕ
ಆ ಮೆಸೇಜ್ ಅಮೆರಿಕದಲ್ಲಿ ಹುಟ್ಟಿದ್ದು. ಅಲ್ಲಿಯ ನಿಯಮದ ಪ್ರಕಾರ ಅದು ತಪ್ಪು. ಗಿರಾಕಿ ಬಿಟ್ಟ ಚಿಲ್ಲರೆ ಅಂಗಡಿಯ ಆದಾಯ ಅಲ್ಲ. ಅಂಗಡಿ ಅದನ್ನು ದಾಟಿಸುವವರು ಮಾತ್ರ. ಹಾಗಾಗಿ ತಮ್ಮ ದೇಣಿಗೆ ಅಂತ ತೋರಿಸಿ ವಿನಾಯಿತಿ ಪಡೆಯುವಂತಿಲ್ಲ. ಅದು ನಿಮ್ಮ ದೇಣಿಗೆ. ಬಿಲ್ ಇಟ್ಟುಕೊಳ್ಳಿ.

ನನ್ನನ್ನು ಕೇಳಿದರೆ ಡೈರಿಗಿಂತ ಇದೇ ಸ್ಪಷ್ಟ. ಬಿಲ್ಲಿನಲ್ಲಿ ಮೊತ್ತ ಕಾಣುತ್ತದೆ. ಯಾವ ಸಂಸ್ಥೆ ಅನ್ನುವುದನ್ನು ಮಾತ್ರ ಕೇಳಿ. ಹೆಸರನ್ನು ಪೂರ್ತಿ ಬರೆದುಕೊಳ್ಳಿ. ದೊಡ್ಡ ಸಂಸ್ಥೆಯ ಹೆಸರನ್ನೇ ಹೋಲುವ ಹೆಸರುಗಳು ಬಹಳ ಇವೆ. 2015ರಲ್ಲಿ ಅಮೆರಿಕದ ಎಫ್‌ಟಿಸಿ (ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ) ಮತ್ತು ಎಲ್ಲ 50 ರಾಜ್ಯಗಳು ಸೇರಿ ಕ್ಯಾನ್ಸರ್ ಹೆಸರಿನ ನಾಲ್ಕು ಸಂಸ್ಥೆಗಳ ಮೇಲೆ ಮೊಕದ್ದಮೆ ಹೂಡಿದವು. ಅವು ಜನರಿಂದ ಎತ್ತಿದ್ದು 18.7 ಕೋಟಿ ಡಾಲರ್. ರೋಗಿಗಳಿಗೆ ತಲುಪಿದ್ದು ತೀರಾ ಕಡಿಮೆ. ಹೆಸರು ಕೇಳಿದರೆ ಯಾರಿಗೂ ಅನುಮಾನ ಬರುವಂತಿರಲಿಲ್ಲ.

ಹಳೆಚಾಳೀಸು
ಹೆಸರಿನ ಮಾತು ಬಂದದ್ದಕ್ಕೆ ಬ್ರಿಟನ್ನಿನ ಮಾಜಿ ಸೈನಿಕ ಕ್ಯಾಪ್ಟನ್ ಟಾಮ್ ಮೂರ್ ನೆನಪಾದರು. 2020ರ ಲಾಕ್‌ಡೌನ್‌ನಲ್ಲಿ, ನೂರು ತುಂಬುವ ಹೊತ್ತಿನಲ್ಲಿ, ಗಾಲಿಯ ಆಸರೆ ಚೌಕಟ್ಟು (ವಾಕರ್) ಹಿಡಿದು ತಮ್ಮ ತೋಟದಲ್ಲಿ ನೂರು ಸುತ್ತು ನಡೆದರು. ಬ್ರಿಟನ್ನಿನ ಆರೋಗ್ಯ ಸೇವೆಯ ನಿಧಿಗೆ 3.8 ಕೋಟಿ ಪೌಂಡ್‌ಗೂ ಜಾಸ್ತಿ ಸೇರಿತು. ಆ ದುಡ್ಡು ನೇರವಾಗಿ ಹೋಗಿತ್ತು, ಅದರ ಬಗ್ಗೆ ಯಾವ ದೂರೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ತೊಂದರೆ ಆದದ್ದು ಆಮೇಲೆ, ಅವರ ಹೆಸರಿನ ಪ್ರತಿಷ್ಠಾನ ಶುರುವಾದ ಮೇಲೆ. ಅವರ ಆತ್ಮಕಥೆ ಕೊಂಡರೆ ಪ್ರತಿಷ್ಠಾನಕ್ಕೆ ನೆರವಾಗುತ್ತದೆ ಅಂತ ಜನ ನಂಬಿದರು. ಬ್ರಿಟನ್ನಿನ ಚಾರಿಟಿ ಕಮಿಷನ್ 2024ರ ನವೆಂಬರ್‌ನಲ್ಲಿ ತನಿಖಾ ವರದಿ ಕೊಟ್ಟಿತು. ಪುಸ್ತಕಗಳ ಒಪ್ಪಂದದ ಮುಂಗಡ 14 ಲಕ್ಷ ಪೌಂಡ್‌ಗೂ ಜಾಸ್ತಿ. ಅದು ಕುಟುಂಬದ ಕಂಪನಿಗೆ ಹೋಗಿತ್ತು. ಪ್ರತಿಷ್ಠಾನಕ್ಕೆ ಏನೂ ಬಂದಿರಲಿಲ್ಲ. ಜನ ತಪ್ಪು ತಿಳಿಯುವಂತಾಯಿತು ಅಂತ ಕಮಿಷನ್ ಹೇಳಿತು. ಕುಟುಂಬದವರು ಆ ವರದಿಯನ್ನು ಒಪ್ಪಲಿಲ್ಲ.

ನನಗೆ ಇದರಲ್ಲಿ ಕಾಣುವುದು ಇಷ್ಟು. ಅದೇ ಮನುಷ್ಯ, ಅದೇ ಜನರ ಪ್ರೀತಿ. ನೇರವಾಗಿ ಕೊಟ್ಟದ್ದು ತಲುಪಿತು. ವಸ್ತುವಿನ ಮೂಲಕ ಕೊಟ್ಟೆವು ಅಂದುಕೊಂಡದ್ದು ತಲುಪಲಿಲ್ಲ.

ದಾರದುಂಡೆ
ಎಲ್ಲವನ್ನೂ ಓದಿದೆ. ನನಗೆ ಸ್ವಲ್ಪ ಹೆದರಿಕೆಯೇ ಆಯಿತು. ಯಾಕೆಂದರೆ ನಾನು ಮಾರುವ ಕಡೆಯವಳು. ಮನೆಯಲ್ಲೇ ಬಟ್ಟೆ ಚೀಲ ಹೊಲಿದು ಮಾರುತ್ತೇನೆ. ನಮ್ಮ ಅತ್ತೆಗೆ ಡಯಾಲಿಸಿಸ್ ಮಾಡಿಸುತ್ತಿದ್ದಾಗ ಒಂದು ಸಂಸ್ಥೆ ತುಂಬಾ ನೆರವಾಯಿತು. ಅವರಿಗೆ ಏನಾದರೂ ಕೊಡಬೇಕು ಅಂತ ಆಸೆ. ಚೀಲದ ಲೇಬಲ್ಲಿಗೆ ಹೀಗೆ ಬರೆದಿಟ್ಟುಕೊಂಡಿದ್ದೆ: "ಈ ಚೀಲದ ಆದಾಯದ ಒಂದು ಪಾಲು ಕಿಡ್ನಿ ರೋಗಿಗಳಿಗೆ." ನಿಮ್ಮ ಮಾತು ಕೇಳಿದ ಮೇಲೆ ಅದನ್ನು ಹಾಕಲು ಮನಸ್ಸು ಬರುತ್ತಿಲ್ಲ. ಹೇಗೆ ಬರೆದರೆ ಸರಿ?

ಹಣತೆ
ದಾರದುಂಡೆ, ಹೆದರಬೇಡಮ್ಮ. ಕೇಳಿದೆಯಲ್ಲ, ಅದೇ ದೊಡ್ಡದು.

ಮೊದಲು ಆ ಸಂಸ್ಥೆಗೆ ಹೋಗಿ ಮಾತಾಡು. ಬರಹದಲ್ಲಿ ಒಪ್ಪಿಗೆ ತಗೋ, ಒಂದೇ ಪುಟ ಸಾಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1992ರ ಕಾಯ್ದೆಯಿಂದಲೇ ಇದು ಕಡ್ಡಾಯ. ವ್ಯಾಪಾರಿ ದತ್ತಿ ಸಂಸ್ಥೆಯ ಹೆಸರು ಹೇಳಿ ಮಾರಬೇಕಾದರೆ ಲಿಖಿತ ಒಪ್ಪಂದ ಇರಬೇಕು, ಎಷ್ಟು ಹೋಗುತ್ತದೆ ಅಂತ ಗಿರಾಕಿಗೆ ತಿಳಿಸಬೇಕು. ಬೇರೆ ಬೇರೆ ದೇಶದಲ್ಲಿ ಕಾನೂನು ಬೇರೆ ಇರಬಹುದು. ಈ ಪದ್ಧತಿಯನ್ನು ಯಾರು ಬೇಕಾದರೂ ಪಾಲಿಸಬಹುದು.

ಲೆಕ್ಕದಪುಸ್ತಕ
ಲೇಬಲ್ ಬಗ್ಗೆ ನಾನು ಹೇಳುತ್ತೇನೆ. ಶೇಕಡಾ ಬೇಡ. ಒಂದು ಚೀಲಕ್ಕೆ ಇಷ್ಟು ಅಂತ ನೇರ ಮೊತ್ತ ಹಾಕಿ. ನಷ್ಟ ಬಂದರೂ ಅಷ್ಟನ್ನು ಕೊಡಲು ಆಗುವಂತಿರಲಿ, ಚಿಕ್ಕದಾದರೂ ಪರವಾಗಿಲ್ಲ. ಅಮೆರಿಕದ ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್ ಎಂಬ ಪರಿಶೀಲನಾ ಸಂಸ್ಥೆ ದತ್ತಿ ಸಂಸ್ಥೆಗಳಿಗೆ ಒಂದು ಮಾನದಂಡ ಇಟ್ಟಿದೆ. ಮಾರುವ ಜಾಗದಲ್ಲೇ ಬೆಲೆಯಲ್ಲಿ ಎಷ್ಟು ಹೋಗುತ್ತದೆ, ಎಂದಿನಿಂದ ಎಂದಿನವರೆಗೆ, ಗರಿಷ್ಠ ಮಿತಿ ಅಥವಾ ಕನಿಷ್ಠ ಭರವಸೆ ಇದೆಯೇ ಅಂತ ಹೇಳಿರಬೇಕು. 2012ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕೂಡ ಇಂಥದೇ ಸೂಚನೆ ಹೊರಡಿಸಿದರು. ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು, ಕೊನೆಗೆ ಒಟ್ಟು ಎಷ್ಟು ಸೇರಿತು ಅಂತ ಜನರಿಗೆ ತಿಳಿಸಬೇಕು ಅನ್ನುವ ಮಾತು. ಬಹಳ ಜನ ಇದನ್ನೇ ಮರೆಯುತ್ತಾರೆ.

ಗರಿಷ್ಠ ಮಿತಿ ಯಾಕೆ ಮುಖ್ಯ ಅಂದರೆ, ಕಂಪನಿ "ಒಂದಕ್ಕೆ ಇಷ್ಟು" ಅಂತ ದೊಡ್ಡದಾಗಿ ಹಾಕಿ, "ಒಟ್ಟು ಇಷ್ಟು ದಾಟುವವರೆಗೆ" ಅಂತ ಮೂಲೆಯಲ್ಲಿ ಹಾಕಿರುತ್ತದೆ. ಮಿತಿ ಎರಡನೇ ವಾರದಲ್ಲೇ ಮುಗಿದಿರಬಹುದು. ವಸ್ತು ಮಾತ್ರ ವರ್ಷವಿಡೀ ಅದೇ ಲೇಬಲ್ಲಿನಲ್ಲಿ ಮಾರಾಟ ಆಗುತ್ತಿರುತ್ತದೆ.

ಕಡಲಹಕ್ಕಿ
"ಒಂದು ಕೊಂಡರೆ ಒಂದು ದಾನ" ಅನ್ನುವುದು ಹೇಗೆ? ಅಲ್ಲಿ ಶೇಕಡಾ ಗೊಂದಲ ಇಲ್ಲ ಅಲ್ವಾ?

ಹಣತೆ
ಲೆಕ್ಕ ಸ್ಪಷ್ಟ, ನಿಜ. ಆದರೆ ಬಂದ ವಸ್ತು ನಮಗೆ ಬೇಕಾದದ್ದೇ ಆಗಿರಬೇಕಲ್ಲ. ನಮಗೆ ಒಮ್ಮೆ ಒಂದೇ ಅಳತೆಯ ಇನ್ನೂರು ಸ್ವೆಟರ್ ಬಂದವು. ನಮ್ಮಲ್ಲಿದ್ದ ಮಕ್ಕಳಲ್ಲಿ ಆ ಅಳತೆಯವರು ಆರು ಜನ.

ಟಾಮ್ಸ್ ಎಂಬ ಶೂ ಕಂಪನಿ 2006ರಲ್ಲಿ ಈ ಪದ್ಧತಿಯನ್ನು ಪ್ರಸಿದ್ಧಿಗೆ ತಂದಿತು. ಒಂದು ಜೊತೆ ಕೊಂಡರೆ ಒಂದು ಮಗುವಿಗೆ ಒಂದು ಜೊತೆ. ಎಲ್ ಸಾಲ್ವಡಾರ್‌ನಲ್ಲಿ ಅದರ ಪರಿಣಾಮವನ್ನು ಸಂಶೋಧಕರು ಅಳೆದು ನೋಡಿದರು. ಮಕ್ಕಳು ಶೂ ಇಷ್ಟಪಟ್ಟರು, ಹಾಕಿಕೊಂಡರು. ಆದರೆ ಬದುಕಿನಲ್ಲಿ ದೊಡ್ಡ ಬದಲಾವಣೆ ಕಾಣಲಿಲ್ಲ. ಬೇರೆಯವರೇ ನಮಗೆ ಕೊಡಬೇಕು ಅನ್ನುವ ಭಾವನೆ ಸ್ವಲ್ಪ ಹೆಚ್ಚಾಗಿತ್ತು. ಆ ಅಧ್ಯಯನಕ್ಕೆ ಒಪ್ಪಿದ್ದು ಕಂಪನಿಯೇ, ಅದನ್ನು ಮೆಚ್ಚಬೇಕು. 2019ರಲ್ಲಿ ಪದ್ಧತಿ ಬದಲಿಸಿ, ಲಾಭದ ಮೂರನೇ ಒಂದು ಭಾಗ ಕೊಡುತ್ತೇವೆ ಅಂದರು.

ಬೇಕಾದದ್ದನ್ನು ನಾವೇ ಹೇಳಲು ಬಿಡಿ ಅಂತ ನನ್ನ ಕೋರಿಕೆ.

ಸಂಜೆಗಾಳಿ
ಇನ್ನೊಂದು ಯೋಚನೆ. ಇಂಥ ವಸ್ತು ಕೊಂಡ ತಿಂಗಳು ನಾನು ಬೇರೆ ದೇಣಿಗೆ ಕೊಡುವುದೇ ಇಲ್ಲ. ಕೊಟ್ಟಾಯಿತಲ್ಲ ಅನ್ನಿಸಿಬಿಡುತ್ತದೆ. ನನಗೊಬ್ಬಳಿಗೇ ಹೀಗಾ?

ಹಳೆಚಾಳೀಸು
ಇಲ್ಲಮ್ಮ. ಮಿಷಿಗನ್ ವಿಶ್ವವಿದ್ಯಾಲಯದ ಆರಾಧನಾ ಕೃಷ್ಣ 2011ರಲ್ಲಿ ಇದನ್ನೇ ಅಧ್ಯಯನ ಮಾಡಿ ಬರೆದಿದ್ದಾರೆ. ಇಂಥ ಖರೀದಿ ಮಾಡಿದವರು ನೇರವಾಗಿ ಕೊಡುವುದನ್ನು ಕಡಿಮೆ ಮಾಡಬಹುದು ಅಂತ ಅವರಿಗೆ ಕಂಡಿತು. ನನಗೆ ಇದೇ ದೊಡ್ಡ ಚಿಂತೆ. ಡೈರಿಯಿಂದ ಸಂಸ್ಥೆಗೆ ಎರಡು ಹೋಗಿ, ಅದೇ ಕಾರಣಕ್ಕೆ ನಾವು ಕೊಡಬೇಕಿದ್ದ ಇನ್ನೂರು ನಿಂತುಹೋದರೆ?

ಮಳೆಹನಿ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಡುವೆ ಏನಾಯಿತು ಅಂತ ಹೇಳುತ್ತೇನೆ.

ಹಣತೆ ಅಕ್ಕ ಹೇಳಿದ ಹಾಗೆ ಮಾಡಿದೆ. ಕಂಪನಿಗೆ ಮತ್ತೆ ಬರೆದು ಸಂಸ್ಥೆಯ ಹೆಸರನ್ನಷ್ಟೇ ಕೇಳಿದೆ. ಮೂರನೇ ಮೇಲ್‌ಗೆ ಹೆಸರು ಕೊಟ್ಟರು. ಆ ಸಂಸ್ಥೆಗೆ ಫೋನ್ ಮಾಡಿದೆ. ಒಬ್ಬ ಹಿರಿಯರು ತಾಳ್ಮೆಯಿಂದ ಪುಸ್ತಕ ತೆಗೆದು ನೋಡಿದರು. ಎರಡು ವರ್ಷದ ಹಿಂದೆ ಆ ಕಂಪನಿಯಿಂದ ಒಂದು ಮೊತ್ತ ಬಂದಿದೆ, ಒಂದೇ ಸಲ. ಆಮೇಲೆ ಏನೂ ಇಲ್ಲ. ಡೈರಿಯ ವಿಷಯ ಅವರಿಗೆ ತಿಳಿದೇ ಇರಲಿಲ್ಲ. ಅವರೇ ಕಂಪನಿಗೆ ಪತ್ರ ಬರೆದರು. ನಿನ್ನೆ ನೋಡಿದರೆ ಮಾರಾಟದ ಪುಟದಲ್ಲಿ ಆ ಸಾಲು ಇಲ್ಲ. ಬೆಲೆ ಮಾತ್ರ ಅಷ್ಟೇ ಇದೆ.

ಆಫೀಸಿನಲ್ಲಿ ಎಲ್ಲರಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೇಳುವಾಗ ಗಂಟಲು ಕಟ್ಟಿತು. ಎರಡೂ ಡೈರಿಗಳ ಬೆಲೆಯ ವ್ಯತ್ಯಾಸ ಎಷ್ಟೋ ಅಷ್ಟನ್ನು ನಾನು ಸಂಸ್ಥೆಗೆ ನೇರವಾಗಿ ಕಳಿಸಿದೆ. ಒಂಬತ್ತು ಜನ ತಾವೂ ಸ್ವಲ್ಪ ಸ್ವಲ್ಪ ಸೇರಿಸಿದರು. ಎಷ್ಟು ಹೋಗುತ್ತದೆ ಅಂತ ಮೊದಲು ಕೇಳಿದ್ದರಲ್ಲ, ಅವರೇ ಎಲ್ಲರಿಗಿಂತ ಜಾಸ್ತಿ ಕೊಟ್ಟರು. ರಸೀದಿ ಮರುದಿನವೇ ಬಂತು.

ದಾರದುಂಡೆ
ಮಳೆಹನಿ ಅಕ್ಕ, ಓದಿ ಖುಷಿ ಆಯಿತು.

ನಾನೂ ಸಂಸ್ಥೆಗೆ ಹೋಗಿ ಬಂದೆ. ಒಪ್ಪಿಗೆ ಪತ್ರ ಕೊಟ್ಟರು. ರೋಗಿಗಳ ಫೋಟೋ ಬೇಡ ಅಂದರು, ನನಗೂ ಅದೇ ಸರಿ ಅನ್ನಿಸಿತು. ಹೊಸ ಲೇಬಲ್ ಹೀಗೆ ಬರೆದಿದ್ದೇನೆ, ಸಂಸ್ಥೆಯ ಹೆಸರು ಇಲ್ಲಿ ಹಾಕುತ್ತಿಲ್ಲ:

"ಈ ಚೀಲ ಮಾರಾಟವಾದರೆ ಹದಿನೈದು ರೂಪಾಯಿ ಈ ಸಂಸ್ಥೆಯ ಡಯಾಲಿಸಿಸ್ ನಿಧಿಗೆ ಹೋಗುತ್ತದೆ. ಲಾಭವಾಗಲಿ, ನಷ್ಟವಾಗಲಿ, ಮೊತ್ತ ಇಷ್ಟೇ. ಮಿತಿ ಇಲ್ಲ. ಸಂಸ್ಥೆಯ ಒಪ್ಪಿಗೆ ಇದೆ, ಅವರನ್ನೇ ಕೇಳಿ ತಿಳಿಯಬಹುದು."

ಸರಿ ಇದೆಯಾ?

ಲೆಕ್ಕದಪುಸ್ತಕ
ತುಂಬಾ ಚೆನ್ನಾಗಿದೆ. ಎಂದಿನಿಂದ ಎಂದಿನವರೆಗೆ ಅನ್ನುವುದು ಬಿಟ್ಟುಹೋಗಿದೆ ನೋಡಿ.

ಹಣತೆ
ಯಾವ ತಿಂಗಳಲ್ಲಿ ದುಡ್ಡು ಕಟ್ಟುತ್ತೀಯ ಅಂತಲೂ ಹಾಕಮ್ಮ.

ದಾರದುಂಡೆ
ಎರಡನ್ನೂ ಸೇರಿಸಿದೆ. ಮೊದಲ ಮೂರು ತಿಂಗಳ ಲೆಕ್ಕವನ್ನು ಇಲ್ಲೇ ಹಾಕುತ್ತೇನೆ, ನಲವತ್ತೊಂದೇ ಮಾರಾಟ ಆದರೂ.